ಗಾಯವೇ ಇಲ್ಲ, ಬರೀ ಕಿವಿ ಸೋರುತ್ತಿದೆ. ಧನುರ್ವಾಯು ಬರುತ್ತಾ?

ನಿಮ್ಮ ಆರು ವರ್ಷದ ಮಗನಿಗೆ ಕಿವಿ ಸೋರುತ್ತಿದೆ, ಮೈಮೇಲೆ ಎಲ್ಲೂ ಗಾಯವಿಲ್ಲ, ಹಾಗಿದ್ದರೂ ಧನುರ್ವಾಯು ಬರಬಹುದಾ ಅಂತ ಕೇಳಿದ್ದೀರಿ. ಅಪರೂಪ, ಆದರೆ ಬರಬಹುದು. ನಾನು ಗದಗ ಜಿಲ್ಲೆಯ ಹಳ್ಳಿ ಕಡೆ ನರ್ಸ್ ಆಗಿ ಕೆಲಸ ಮಾಡುವವಳು, ಗೊತ್ತಿದ್ದಷ್ಟು ಹೇಳುತ್ತೇನೆ.

ಗಾಯ ಇಲ್ಲ ಅಂದಿರಲ್ಲ, ಸೋರುವ ಕಿವಿಯೇ ಒಂದು ಗಾಯ. ಬಹಳ ದಿನದಿಂದ ಸೋರುತ್ತಿದ್ದರೆ ಒಳಗಿನ ತಮಟೆಯಲ್ಲಿ ತೂತು ಬಿದ್ದಿರುವುದೇ ಜಾಸ್ತಿ. ಧನುರ್ವಾಯುವಿನ ರೋಗಾಣು ಮಣ್ಣಲ್ಲಿ, ದನದ ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಾಳಿಯಾಡದ ಜಾಗ ಸಿಕ್ಕರೆ ಬೆಳೆಯುತ್ತದೆ. ಕೀವು ತುಂಬಿದ ಕಿವಿಯೊಳಗೆ ಅಂಥ ಜಾಗ ಸಿಗುತ್ತದೆ. ಅಲ್ಲಿ ಅದು ಬಿಡುವ ವಿಷ ನರಗಳ ಮೂಲಕ ಹತ್ತಿ ಸ್ನಾಯುಗಳನ್ನು ಬಿಗಿ ಮಾಡುತ್ತದೆ.

ಈ ರೋಗಾಣು ಕಿವಿಯೊಳಗೆ ಹೋಗುವುದು ಹೇಗೆ? ನಮ್ಮ ಕೈಯಿಂದಲೇ! ಕಡ್ಡಿಪೆಟ್ಟಿಗೆ ಕಡ್ಡಿ, ಪಿನ್ನು, ಹೊಲದಲ್ಲಿ ಕೈಗೆ ಸಿಕ್ಕ ಕಸಬರಿಗೆ ಕಡ್ಡಿ. ಮೇಲೆ ಬೆಳ್ಳುಳ್ಳಿ ಎಣ್ಣೆ, ಯಾವುದೋ ಸೊಪ್ಪಿನ ರಸ. ಜಾತ್ರೆಯಲ್ಲಿ ಕಿವಿ ಕ್ಲೀನ್ ಮಾಡುವವರು ಬೇರೆ, ಒಂದೇ ಕಡ್ಡಿ ಎಲ್ಲರ ಕಿವಿಗೂ. "ಕಿವಿ ಸೋರಿದ್ರ ಏನಾಕ್ಕೈತಿ ತಗೋರಿ, ದೊಡ್ಡಾವ ಆದ್ರ ನಿಲ್ತೈತಿ" ಅನ್ನುವ ಹಿರಿಯರ ಮಾತು ಮಾತ್ರ ದಯವಿಟ್ಟು ಕೇಳಬೇಡಿ.

ಇನ್ನು ಲಸಿಕೆ. ಮೊಳೆ ಚುಚ್ಚಿದರೆ ನಮ್ಮವರು ಟಿಟಿಗೆ, ಅಂದರೆ ಧನುರ್ವಾಯು ಇಂಜೆಕ್ಷನ್‌ಗೆ ಓಡುತ್ತಾರೆ, ಕಿವಿ ಸೋರಿದರೆ ಯಾರಿಗೂ ನೆನಪಾಗಲ್ಲ. ನೀವು ಈಗ ತಾಯಿ ಕಾರ್ಡ್ ತೆಗೆದು ನೋಡಿ. ಧನುರ್ವಾಯು ಲಸಿಕೆ ಸೇರಿರುವ ಇಂಜೆಕ್ಷನ್ ಇವು: 6, 10, 14ನೇ ವಾರಕ್ಕೆ ಪೆಂಟಾ, 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, 5-6 ವರ್ಷಕ್ಕೆ ಇನ್ನೊಂದು. ಸಣ್ಣ ಕೂಸಿನ ಇಂಜೆಕ್ಷನ್ ಯಾರೂ ತಪ್ಪಿಸಲ್ಲ. ಶಾಲೆಗೆ ಸೇರಿಸುವ ಗದ್ದಲದಲ್ಲಿ ಆ ಕೊನೆಯದು ಬಿಟ್ಟುಹೋಗುತ್ತದೆ. ನಿಮ್ಮ ಹುಡುಗ ಸರಿಯಾಗಿ ಅದೇ ವಯಸ್ಸಿನವನು. ಬಿಟ್ಟಿದ್ದರೆ ಮೊದಲಿಂದ ಶುರು ಮಾಡುವ ಅಗತ್ಯವಿಲ್ಲ, ಉಳಿದದ್ದು ಹಾಕಿಸಿದರೆ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಆಶಾ ಅಕ್ಕನನ್ನು ಕೇಳಿ, ದಿನ ಹೇಳುತ್ತಾರೆ. ಮುಂದೆ 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ ಸೇರಿದ ಲಸಿಕೆ) ಇರುತ್ತದೆ.

ಬೇರೆ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರೆ, ನಮಗೆ ಬಂದೀತೇ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಮಣ್ಣಲ್ಲಿರುವ ರೋಗಾಣುವಿಗೆ ಪಕ್ಕದ ಮನೆಯವರ ಲಸಿಕೆ ಏನು ಮಾಡೀತು?

ಲಸಿಕೆ ಹಾಕಿಸಿದ ಮಾತ್ರಕ್ಕೆ ಸೋರುವುದು ನಿಲ್ಲುವುದಿಲ್ಲ, ಅಲ್ವಾ? ಅದಕ್ಕೆ ಇಎನ್‌ಟಿ ಡಾಕ್ಟರಿಗೇ ತೋರಿಸಬೇಕು. ಗದಗ ಅಥವಾ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಕಿವಿಗೆ ನೀರು ಬೀಳಬಾರದು. ಸ್ನಾನ ಮಾಡಿಸುವಾಗ ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟು ಆಮೇಲೆ ತೆಗೆಯಿರಿ. ಕೆರೆ, ಕಾಲುವೆ ಈಜು ಬೇಡ.

ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ದವಡೆ ಬಿಗಿದರೆ, ನುಂಗಲು ಕಷ್ಟವಾದರೆ, ಮುಖ ಒಂದು ಕಡೆ ವಾಲಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಕಿವಿ ಸೋರುತ್ತಿತ್ತು ಅನ್ನುವುದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಇಂಥ ಹೊತ್ತಲ್ಲಿ ಎಲ್ಲರೂ ಕೈಕಾಲಲ್ಲೇ ಗಾಯ ಹುಡುಕುತ್ತಾರೆ.