60 ಹರ್ಟ್ಜ್‌ನಲ್ಲಿ ಚೆನ್ನಾಗಿರುವ ಎಲ್‌ಸಿಡಿ ಪ್ಯಾನೆಲ್ 1 ಹರ್ಟ್ಜ್‌ಗೆ ಇಳಿಸಿದರೆ ಫ್ಲಿಕರ್ ಆಗುತ್ತದೆ, ಅಡ್ಡಗೆರೆ ಬರುತ್ತದೆ, ಮತ್ತೆ 60ಕ್ಕೆ ಏರಿಸಿದಾಗ ಮೊದಲ ಫ್ರೇಮ್ ಕೆಡುತ್ತದೆ. ಡ್ರೈವರ್‌ನಲ್ಲಿ ಏನು ನೋಡಬೇಕು?

ನೀವು ಬರೆದಿರುವ ಲಕ್ಷಣಗಳು ಮೂರು: ನಿಧಾನವಾದ ಫ್ಲಿಕರ್, ಪ್ರತಿಸಲ ಅದೇ ಜಾಗದಲ್ಲಿ ಮಂಕಾದ ಗೆರೆ, ಮತ್ತೆ 60ಕ್ಕೆ ಏರಿಸಿದಾಗ ಮೊದಲ ಫ್ರೇಮ್ ಕೆಡುವುದು. ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಒಂದೇ ರಿಜಿಸ್ಟರ್ ಬದಲಿಸಿ ಮೂರನ್ನೂ ಕಳೆಯಲು ಆಗದು.

ಮೊದಲು ರಿಫ್ರೆಶ್ ಇಳಿಸಿದ್ದು ಹೇಗೆ ಎಂದು ನೋಡಿ. ಸ್ಕ್ಯಾನ್ (ಸಾಲುಗಳನ್ನು ಒಂದೊಂದಾಗಿ ಬರೆಯುವುದು) ನಡೆಸುವ ಕ್ಲಾಕನ್ನೇ ನಿಧಾನ ಮಾಡಿದ್ದರೆ ಅದನ್ನು ಕೈಬಿಡಿ. ಪ್ಯಾನೆಲ್ ಮೇಲಿನ ಗೇಟ್ ಡ್ರೈವರ್‌ನಲ್ಲಿ ಕ್ಯೂ ನೋಡ್ (ಸಾಲನ್ನು ತೆರೆಯುವ ಟ್ರಾನ್ಸಿಸ್ಟರ್‌ನ ಗೇಟ್) ಬೂಟ್‌ಸ್ಟ್ರಾಪ್ ಆದ ಮೇಲೆ, ಅಂದರೆ ಸಪ್ಲೈಗಿಂತ ಮೇಲಕ್ಕೆ ಏರಿದ ಮೇಲೆ, ಅದನ್ನು ಹಿಡಿದಿಡುವುದು ಒಂದು ಚಿಕ್ಕ ಕೆಪಾಸಿಟರ್ ಮಾತ್ರ. ಲೈನ್ ಸಮಯ 60 ಪಟ್ಟು ಹಿಗ್ಗಿದರೆ ಸೋರಿಕೆಯೂ ಅಷ್ಟೇ ಪಟ್ಟು. ಸ್ಕ್ಯಾನನ್ನು ಎಂದಿನಂತೆ 16.7 ಮಿಲಿಸೆಕೆಂಡಿನಲ್ಲಿ ಮುಗಿಸಿ, ಉಳಿದ 983 ಮಿಲಿಸೆಕೆಂಡನ್ನು ವರ್ಟಿಕಲ್ ಬ್ಲಾಂಕ್ (ಏನೂ ಬರೆಯದ ಬಿಡುವು) ಆಗಿ ಬಿಡಿ. ಆಗ ಉಳಿಯುವ ಪ್ರಶ್ನೆ ಒಂದೇ: ಆ 983 ಮಿಲಿಸೆಕೆಂಡು ಪ್ರತಿಯೊಂದು ನೋಡನ್ನು ಯಾರು ಹಿಡಿದಿದ್ದಾರೆ?

ಗೇಟ್ ಲೈನ್‌ನಿಂದ (ಒಂದು ಸಾಲಿನ ಪಿಕ್ಸೆಲ್‌ಗಳನ್ನು ತೆರೆದು ಮುಚ್ಚುವ ತಂತಿ) ಶುರು ಮಾಡಿ. ಅದನ್ನು ವಿಜಿಎಲ್‌ಗೆ (ಗೇಟ್ ಮುಚ್ಚಿಡುವ ನೆಗೆಟಿವ್ ವೋಲ್ಟೇಜ್) ಎಳೆದು ಹಿಡಿಯುವುದು ಕ್ಯೂಬಿ ನೋಡ್ (ಕ್ಯೂಗೆ ವಿರುದ್ಧ ಸ್ಥಿತಿಯ ನೋಡ್) ನಡೆಸುವ ಪುಲ್‌ಡೌನ್ ಟಿಎಫ್‌ಟಿ (ತೆಳುಪದರ ಟ್ರಾನ್ಸಿಸ್ಟರ್). ಕೆಲವು ವಿನ್ಯಾಸಗಳಲ್ಲಿ ಕ್ಯೂಬಿಗೆ ವೋಲ್ಟೇಜ್ ಬರುವುದೇ ಕ್ಲಾಕ್‌ನಿಂದ. ಅಂಥಲ್ಲಿ ವಿದ್ಯುತ್ ಉಳಿಸಲು ಕ್ಲಾಕ್ ನಿಲ್ಲಿಸಿದರೆ ಪುಲ್‌ಡೌನ್ ಸತ್ತಂತೆ, ಗೇಟ್ ಲೈನ್ ಫ್ಲೋಟ್ ಆಗುತ್ತದೆ. ಅದನ್ನು ಹಾದುಹೋಗುವ ಸೋರ್ಸ್ ಲೈನ್ (ಪಿಕ್ಸೆಲ್‌ಗೆ ಚಿತ್ರದ ವೋಲ್ಟೇಜ್ ತರುವ ತಂತಿ) ಅಲುಗಿದರೂ ಗೇಟ್ ಮೇಲೇಳುತ್ತದೆ, ಪಿಕ್ಸೆಲ್ ಸೋರುತ್ತದೆ. ಇಂಥ ಪ್ಯಾನೆಲ್‌ನಲ್ಲಿ ಬ್ಲಾಂಕ್ ಉದ್ದಕ್ಕೂ ಕ್ಲಾಕನ್ನು ನಿಧಾನವಾಗಿಯಾದರೂ ಓಡಿಸಲೇಬೇಕು.

ಕ್ಯೂಬಿಗೆ ಎರಡು ಪ್ರತ್ಯೇಕ ಡಿಸಿ ಲೈನ್‌ಗಳಿದ್ದರೆ ಕ್ಲಾಕನ್ನು ವಿಜಿಎಲ್ ಮಟ್ಟದಲ್ಲಿ ನಿಲ್ಲಿಸಬಹುದು. ಆದರೆ ಆ ಎರಡು ಲೈನ್ ಸರದಿಯ ಮೇಲೆ ಬದಲಾಗುತ್ತಿರಬೇಕು. ಒಂದೇ ಟಿಎಫ್‌ಟಿ ಮೇಲೆ ಪಾಸಿಟಿವ್ ಬಯಾಸ್ ಬಹಳ ಹೊತ್ತು ನಿಂತರೆ ಥ್ರೆಶೋಲ್ಡ್ ಏರಿ ಪುಲ್‌ಡೌನ್ ಬಲ ಕುಂದುತ್ತದೆ. ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ವಿಷಯವಿದೆ: ಫರ್ಮ್‌ವೇರ್ ಈ ಸರದಿಯನ್ನು ಫ್ರೇಮ್ ಲೆಕ್ಕದಲ್ಲಿ ಎಣಿಸುತ್ತಿದ್ದರೆ, 60 ಹರ್ಟ್ಜ್‌ನಲ್ಲಿ 100 ಫ್ರೇಮ್ ಅಂದರೆ 1.7 ಸೆಕೆಂಡು, 1 ಹರ್ಟ್ಜ್‌ನಲ್ಲಿ ಅದೇ 100 ಸೆಕೆಂಡು. ಎಣಿಕೆಯನ್ನು ಸಮಯಕ್ಕೆ ಬದಲಿಸಿ.

ಲೈನ್ ನಿಜಕ್ಕೂ ಹಿಡಿತದಲ್ಲಿದೆಯೇ ಎಂದು ತಿಳಿಯಲು ಡಮ್ಮಿ (ಚಿತ್ರ ತೋರಿಸದ) ಗೇಟ್ ಲೈನ್‌ಗೆ 10 ಮೆಗಾಓಮ್ ಪ್ರೋಬ್ ಇಡಿ. ಗೇಟ್ ಲೈನ್ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಇದ್ದರೆ ಟೈಮ್ ಕಾನ್ಸ್ಟಂಟ್ 1 ಮಿಲಿಸೆಕೆಂಡು. ಫ್ಲೋಟ್ ಆಗಿದ್ದರೆ ಕೆಲವೇ ಮಿಲಿಸೆಕೆಂಡಿನಲ್ಲಿ ಪ್ರೋಬೇ ಅದನ್ನು ಸೊನ್ನೆಯತ್ತ ಎಳೆಯುತ್ತದೆ. ಹಿಡಿತದಲ್ಲಿದ್ದರೆ ವಿಜಿಎಲ್‌ನಲ್ಲೇ ನಿಲ್ಲುತ್ತದೆ. ಕ್ಯೂ ನೋಡ್‌ಗೆ ಮಾತ್ರ ಪ್ರೋಬ್ ಇಡಬೇಡಿ. ಪಿಕೋಫ್ಯಾರಡ್ ಗಾತ್ರದ ನೋಡ್ ಅದು, ಮುಟ್ಟಿದ ಕ್ಷಣವೇ ಬಿದ್ದುಹೋಗುತ್ತದೆ.

ಅದೇ ಜಾಗದಲ್ಲಿ ಬರುವ ಗೆರೆಗೆ ನನ್ನ ಮೊದಲ ಅನುಮಾನ ಟಚ್ ಮೇಲೆ. ಟಚ್ ಓದಲು ಸ್ಕ್ಯಾನನ್ನು ಮಧ್ಯೆ ನಿಲ್ಲಿಸಿದರೆ, ನಿಂತ ಜಾಗದ ಸ್ಟೇಜ್‌ನ (ಆ ಸಾಲಿನ ಗೇಟ್ ಡ್ರೈವರ್ ಘಟಕ) ಕ್ಯೂ ನೋಡ್ ಚಾರ್ಜ್ ಆಗಿ ಕಾಯುತ್ತಾ ಸೋರುತ್ತದೆ, ಆ ಲೈನ್‌ಗೆ ಪೂರ್ತಿ ಗೇಟ್ ವೋಲ್ಟೇಜ್ ಸಿಗುವುದಿಲ್ಲ. 983 ಮಿಲಿಸೆಕೆಂಡು ಖಾಲಿ ಬಿದ್ದಿರುವಾಗ ಮಧ್ಯೆ ನಿಲ್ಲಿಸುವ ಅಗತ್ಯವೇ ಇಲ್ಲ, ಟಚ್ ಕೆಲಸವನ್ನೆಲ್ಲ ಬ್ಲಾಂಕ್‌ಗೆ ಸರಿಸಿ.

ಇನ್ನು ಫ್ಲಿಕರ್. ಪಿಕ್ಸೆಲ್ ಕೆಪಾಸಿಟೆನ್ಸ್ 0.2 ಪಿಕೋಫ್ಯಾರಡ್, ಒಂದು ಫ್ರೇಮ್‌ನಲ್ಲಿ 10 ಮಿಲಿವೋಲ್ಟ್ ಇಳಿತ ಸಹ್ಯ ಎಂದುಕೊಳ್ಳಿ. 60 ಹರ್ಟ್ಜ್‌ಗೆ ಸುಮಾರು 120 ಫೆಮ್ಟೋಆಂಪ್ ಸೋರಿಕೆ ನಡೆದೀತು, 1 ಹರ್ಟ್ಜ್‌ಗೆ ಬರೀ 2 ಫೆಮ್ಟೋಆಂಪ್. ಆಕ್ಸೈಡ್ ಟಿಎಫ್‌ಟಿಗೆ ಇದು ಸಾಧ್ಯ. ಅಮಾರ್ಫಸ್ ಸಿಲಿಕಾನ್ ಅಥವಾ ಎಲ್‌ಟಿಪಿಎಸ್ (ಕಡಿಮೆ ಉಷ್ಣತೆಯ ಪಾಲಿಸಿಲಿಕಾನ್) ಪಿಕ್ಸೆಲ್ ಆಗಿದ್ದರೆ ಡ್ರೈವರ್‌ನಲ್ಲಿ ಏನೇ ತಿದ್ದಿದರೂ 1 ಹರ್ಟ್ಜ್ ಮುಟ್ಟುವುದು ಕಷ್ಟ. ಎಷ್ಟು ಹರ್ಟ್ಜ್‌ಗೆ ಫ್ಲಿಕರ್ ನಿಲ್ಲುತ್ತದೋ ಅಲ್ಲೇ ನಿಲ್ಲಿಸಿ.

ಬ್ಲಾಂಕ್‌ನಲ್ಲಿ ಸೋರ್ಸ್ ಆಂಪ್ಲಿಫೈಯರ್ ಆಫ್ ಮಾಡಬಹುದು, ಸೋರ್ಸ್ ಲೈನನ್ನು ಅನಾಥವಾಗಿ ಬಿಡಬಾರದು. ಡಾಟ್ ಇನ್ವರ್ಶನ್ (ಪಕ್ಕಪಕ್ಕದ ಪಿಕ್ಸೆಲ್‌ಗಳಿಗೆ ವಿರುದ್ಧ ಪೊಲಾರಿಟಿ) ಆದರೆ ವಿಕಾಮ್ (ಎಲ್ಲ ಪಿಕ್ಸೆಲ್‌ಗಳ ಸಾಮಾನ್ಯ ಎಲೆಕ್ಟ್ರೋಡ್ ವೋಲ್ಟೇಜ್) ಮಟ್ಟಕ್ಕೆ, ಕಾಲಮ್ ಇನ್ವರ್ಶನ್ (ಒಂದು ಕಾಲಮ್‌ಗೆ ಒಂದೇ ಪೊಲಾರಿಟಿ) ಆದರೆ ಆ ಕಾಲಮ್ ಪೊಲಾರಿಟಿಯ ನಡು ಗ್ರೇ ಮಟ್ಟಕ್ಕೆ ಕಟ್ಟಿ. ಟಿಎಫ್‌ಟಿಯ ಎರಡು ತುದಿಗಳ ನಡುವಿನ ವೋಲ್ಟೇಜ್ ತಗ್ಗಿದಷ್ಟೂ ಸೋರಿಕೆ ತಗ್ಗುತ್ತದೆ.

ವಿಕಾಮ್ ಟ್ಯೂನಿಂಗ್ ಕೂಡ 1 ಹರ್ಟ್ಜ್‌ನಲ್ಲೇ ಮಾಡಬೇಕು. ಗೇಟ್ ಬೀಳುವಾಗ ಪಿಕ್ಸೆಲ್ ಕೆಳಗೆ ಜಿಗಿಯುವುದು ಎರಡೂ ದರದಲ್ಲಿ ಒಂದೇ. ಗೇಟ್‌ನಿಂದ ಪಿಕ್ಸೆಲ್‌ಗೆ 5 ಫೆಮ್ಟೋಫ್ಯಾರಡ್, ಒಟ್ಟು 200, ಸ್ವಿಂಗ್ 20 ವೋಲ್ಟ್ ಆದರೆ 0.5 ವೋಲ್ಟ್. ಅದರ ಮೇಲೆ ಸೋರಿಕೆಯ ಪಾಲು ಸೇರುವುದು ನಿಧಾನ ದರದಲ್ಲಿ. ಹಾಗಾಗಿ ಪ್ರತಿ ದರಕ್ಕೂ ಬೇರೆ ವಿಕಾಮ್ ಮೌಲ್ಯ ಇಡಿ. ಫೋಟೋಡಯೋಡ್ ಅನ್ನು ಡಿಸಿ ಕಪ್ಲಿಂಗ್‌ನಲ್ಲಿ ಸ್ಕೋಪ್‌ಗೆ ಹಾಕಿ, ನಡು ಗ್ರೇ ಚಿತ್ರದಲ್ಲಿ 0.5 ಹರ್ಟ್ಜ್ ಏರಿಳಿತ ಅತಿ ಕಡಿಮೆ ಆಗುವವರೆಗೆ ವಿಕಾಮ್ ಹೊಂದಿಸಿ. ಪೊಲಾರಿಟಿ ಸಮತೋಲನವನ್ನೂ ಫ್ರೇಮ್ ಎಣಿಸಿ ನೋಡಬೇಡಿ: ಒಂದು ಸೆಕೆಂಡಿನ ಪಾಸಿಟಿವ್ ಫ್ರೇಮ್‌ಗೆ 16.7 ಮಿಲಿಸೆಕೆಂಡಿನ ನೆಗೆಟಿವ್ ಫ್ರೇಮ್ ಸಾಟಿಯಲ್ಲ. ದರ ಪದೇ ಪದೇ ಬದಲಾದರೆ ಡಿಸಿ ಉಳಿದು ಚಿತ್ರದ ಕಲೆ ನಿಲ್ಲುತ್ತದೆ.

ಸಪ್ಲೈ ಕಡೆ: ವಿಜಿಎಲ್ ಮತ್ತು ವಿಜಿಎಚ್ (ಗೇಟ್ ತೆರೆಯುವ ವೋಲ್ಟೇಜ್) ತಯಾರಿಸುವ ಚಾರ್ಜ್ ಪಂಪ್ ನಿಲ್ಲಿಸಿದಾಗ 1 ಮೈಕ್ರೋಫ್ಯಾರಡ್ ಮೇಲೆ 1 ಮೈಕ್ರೋಆಂಪ್ ಲೋಡ್ ಇದ್ದರೂ ಬ್ಲಾಂಕ್ ಮುಗಿಯುವಷ್ಟರಲ್ಲಿ ಸುಮಾರು 1 ವೋಲ್ಟ್ ಇಳಿಯುತ್ತದೆ. ಚಿಕ್ಕ ಎಕ್ಸ್5ಆರ್ ಕೆಪಾಸಿಟರ್ ಡಿಸಿ ಬಯಾಸ್ ಬಿದ್ದಾಗ ಅರ್ಧಕ್ಕಿಂತ ಕೆಳಗಿಳಿಯಬಹುದು, ಆದ್ದರಿಂದ ನಮೂದಿಸಿದ ಮೌಲ್ಯ ನಂಬದೆ ಬಯಾಸ್ ಕರ್ವ್ ನೋಡಿ. ವಿಜಿಎಲ್ ಸೊನ್ನೆಯತ್ತ ಜಾರುವುದೇ ಹೆಚ್ಚು ಅಪಾಯ. ವಿಜಿಎಚ್ ಬ್ಲಾಂಕ್‌ನಲ್ಲಿ ಬೇಡ ಎನಿಸಿದರೂ ಕ್ಯೂಬಿಯ ಡಿಸಿ ಲೈನ್ ಅದರಿಂದಲೇ ಬರುತ್ತಿದ್ದರೆ ಬೀಳಲು ಬಿಡುವಂತಿಲ್ಲ. 50 ಮಿಲಿಸೆಕೆಂಡಿಗೊಮ್ಮೆ ಪಂಪ್ ಎಬ್ಬಿಸಿ ತುಂಬಿಸುವುದು ನನಗೆ ದೊಡ್ಡ ಕೆಪಾಸಿಟರ್‌ಗಿಂತ ಒಪ್ಪುವ ದಾರಿ.

ಮೊದಲ ಫ್ರೇಮ್ ಕೆಡುವುದು ಎಚ್ಚರವಾಗುವ ಕ್ರಮದ ದೋಷ. ಮಿಪಿ ಡಿಎಸ್‌ಐ ಲಿಂಕ್ (ಪ್ರೊಸೆಸರ್‌ನಿಂದ ಪ್ಯಾನೆಲ್‌ಗೆ ಚಿತ್ರ ತರುವ ಸಂಪರ್ಕ) ಯುಎಲ್‌ಪಿಎಸ್‌ನಿಂದ (ಅತಿ ಕಡಿಮೆ ವಿದ್ಯುತ್ ಸ್ಥಿತಿ) ಹೊರಬರಲು ಕನಿಷ್ಠ 1 ಮಿಲಿಸೆಕೆಂಡು ಬೇಕು. ಆಮೇಲೆ ಆಸಿಲೇಟರ್, ಪಂಪ್‌ಗಳು ಗುರಿ ಮುಟ್ಟುವುದು, ಆಂಪ್ಲಿಫೈಯರ್ ಬಯಾಸ್, ಎಲ್ಲ ಕ್ಯೂ ನೋಡ್‌ಗಳಿಗೆ ಒಂದು ರೀಸೆಟ್ ಪಲ್ಸ್, ಒಂದೆರಡು ಡಮ್ಮಿ ಲೈನ್, ಕೊನೆಗೆ ಸ್ಟಾರ್ಟ್ ಪಲ್ಸ್. ರೀಸೆಟ್ ಬಿಟ್ಟರೆ ಅರೆಬರೆ ಚಾರ್ಜ್ ಉಳಿದ ಸ್ಟೇಜ್‌ಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ.

ಇದೆಲ್ಲವನ್ನೂ ಕೋಣೆಯ ಉಷ್ಣತೆಯಲ್ಲಷ್ಟೇ ಪರೀಕ್ಷಿಸಿ ನಿಲ್ಲಿಸಬೇಡಿ. 60 ಡಿಗ್ರಿಯಲ್ಲಿ ಸೋರಿಕೆ ಬಹಳ ಏರುತ್ತದೆ, ಅಲ್ಲಿ ಕನಿಷ್ಠ ದರವನ್ನು 10 ಹರ್ಟ್ಜ್‌ನಂತೆ ಮೇಲಕ್ಕೆತ್ತಿ. ಚಳಿಯಲ್ಲಿ ಸೋರಿಕೆಯ ಕಾಟ ಇಲ್ಲ, ಬದಲಿಗೆ ಟಿಎಫ್‌ಟಿಯ ಮೊಬಿಲಿಟಿ ಕುಗ್ಗಿ ಕ್ಯೂ ನೋಡ್ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಅಲ್ಲಿ ವಿಜಿಎಚ್ ಏರಿಸಬೇಕು.