ಮೊದಲು ತಂತಿ, ಆಮೇಲೆ ಐನ್‌ಸ್ಟೈನ್

ಗಂಗಾವತಿಯ ಓದುಗರೊಬ್ಬರ ಪತ್ರ: "ಬೆಳಕಿಗಿಂತ ವೇಗದ ನ್ಯೂಟ್ರಿನೊ 2011ರಲ್ಲೇ ಸಿಕ್ಕಿತ್ತಂತೆ. ಐನ್‌ಸ್ಟೈನ್ ಮರ್ಯಾದೆ ಉಳಿಸಲು ಮುಚ್ಚಿಹಾಕಿದರು. ಕಣ್ಣಿಗೆ ಕಂಡದ್ದನ್ನು ಒಪ್ಪದವರು ಎಂಥ ವಿಜ್ಞಾನಿಗಳು?"

ಸಂಪಾದಕರ ಉತ್ತರ: ಖಾರದ ಪ್ರಶ್ನೆ, ಸಂತೋಷ. ಆದರೆ ಮುಚ್ಚಿಹಾಕುವವರು ಊರನ್ನೆಲ್ಲ ಕರೆದು ಲೆಕ್ಕ ತೋರಿಸುತ್ತಾರೆಯೇ? ಬೆಳಕಿಗಿಂತ ವೇಗವಾಗಿ ಏನೂ ಹೋಗದು ಎನ್ನುತ್ತದೆ ಐನ್‌ಸ್ಟೈನ್ ಸಿದ್ಧಾಂತ. ಜಿನೀವಾ ಬಳಿಯ ಸರ್ನ್ ಎಂಬ ಭೌತಶಾಸ್ತ್ರ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊಗಳೆಂಬ ಅತಿ ಸೂಕ್ಷ್ಮ ಕಣಗಳು 730 ಕಿ.ಮೀ. ಆಚೆ, ಇಟಲಿಯ ಗ್ರಾನ್ ಸಾಸೋ ಭೂಗತ ಪ್ರಯೋಗಾಲಯಕ್ಕೆ ಬೆಳಕಿಗಿಂತ 60 ನ್ಯಾನೊಸೆಕೆಂಡ್ (ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಮುಂಚೆ ಬಂದಂತೆ ಕಂಡವು. ಅಂದರೆ ಬೆಳಕನ್ನು 18 ಮೀಟರ್ ಹಿಂದೆ ಹಾಕಿದಂತೆ. ಇದನ್ನು ಅಳೆದ ಒಪೆರಾ ತಂಡದವರು ತಿಂಗಳುಗಟ್ಟಲೆ ತಡಕಾಡಿ, ತಪ್ಪು ಸಿಗದೆ, ನೀವೂ ಹುಡುಕಿ ಎಂದು ತಾವೇ ಪ್ರಕಟಿಸಿದರು.

ಸಿಕ್ಕಿದ್ದೇನು? ಜಿಪಿಎಸ್ ಸಮಯವನ್ನು ಗಡಿಯಾರಕ್ಕೆ ತರುವ ಆಪ್ಟಿಕಲ್ ಫೈಬರಿನ ಕನೆಕ್ಟರ್ ಸಡಿಲವಾಗಿತ್ತು. ಒಳಬರುವ ಬೆಳಕು ಮಂಕಾಗಿ, ಅದನ್ನು ಗುರುತಿಸಲು ಸುಮಾರು 73 ನ್ಯಾನೊಸೆಕೆಂಡ್ ತಡವಾಗುತ್ತಿತ್ತು. ಗಡಿಯಾರವೇ ಹಿಂದೆ ಬಿದ್ದರೆ ಬಂದವರೆಲ್ಲ ಬೇಗ ಬಂದವರೇ! ಗಡಿಯಾರದ ಮಿಡಿತ ಕೊಡುವ ಆಂದೋಲಕದಲ್ಲಿ ಇನ್ನೊಂದು ಸಣ್ಣ ದೋಷವಿದ್ದು, ಅದು ಲೆಕ್ಕವನ್ನು ಉಲ್ಟಾ ಎಳೆಯುತ್ತಿತ್ತು; ಹೀಗಾಗಿ ಮೊದಲ ತಪ್ಪು ಪೂರ್ತಿ ಹೊರಗೆ ಕಾಣಲಿಲ್ಲ. 2012ರಲ್ಲಿ ಅದೇ ಗ್ರಾನ್ ಸಾಸೋದ ಇನ್ನೊಂದು ತಂಡ, ಇಕಾರಸ್, ಬೇರೆಯಾಗಿ ಅಳೆದಾಗ ಬೆಳಕಿನ ವೇಗವೇ ಬಂತು. ಮೋಟಾರ್ ಎತ್ತದಿದ್ದರೆ ಮೊದಲು ಫ್ಯೂಜ್ ನೋಡುತ್ತೇವೆ, ಬೋರು ಬತ್ತಿತೆಂದು ಅಳುವುದಿಲ್ಲ.

ಹಟಮಾರಿಗಳೂ ಇದ್ದಾರೆ, ಸರಿ. ಇಸ್ರೇಲಿನ ವಿಜ್ಞಾನಿ ಶೆಕ್ಟ್‌ಮನ್ 1982ರಲ್ಲಿ ಕಂಡ, ಹರಳುಗಳ ಹಳೆಯ ನಿಯಮಕ್ಕೆ ಒಗ್ಗದ ಅಪೂರ್ವ ಹರಳನ್ನು ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್‌ರಂಥ ಘಟಾನುಘಟಿ ಕೊನೆವರೆಗೂ ಒಪ್ಪಲಿಲ್ಲ. ಶೆಕ್ಟ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು.

ಅಷ್ಟು ದೂರ ಯಾಕೆ, ಬಳ್ಳಾರಿ ಪಕ್ಕದ ಕುಡತಿನಿಯ ಬೂದಿದಿಬ್ಬ ನೋಡಿದ್ದೀರಾ? ರಾಕ್ಷಸನನ್ನು ಸುಟ್ಟ ಬೂದಿ ಎಂದರು ಜನ. ಗಾಜಿನಂಥ ಕಿಟ್ಟ ಕಂಡು ಕುಲುಮೆ ಎಂದವರುಂಟು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸುಟ್ಟ ಸಗಣಿ ಎಂದರು. ಸಗಣಿ ಕರಗಿ ಗಾಜಾದೀತೇ ಎಂಬ ಅನುಮಾನ ನ್ಯಾಯವಾದದ್ದೇ. ಅದನ್ನು ಕಳೆದದ್ದು ಗಲಾಟೆಯಲ್ಲ: ಪುರಾತತ್ವಜ್ಞ ಆಲ್ಚಿನ್ 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ಬೂದಿದಿಬ್ಬ ಅಗೆದಾಗ ಪದರದಲ್ಲೇ ದನದ ಗೊರಸಿನ ಗುರುತುಗಳು ಸಿಕ್ಕವು, ವಿಜ್ಞಾನಿ ಝಾಯ್ನರ್ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ಹುಲ್ಲಿನ ಸಿಲಿಕಾ ಸಗಣಿಯಲ್ಲಿ ಉಳಿದಿರುತ್ತದೆ, ಕಾವು ಏರಿದರೆ ಅದೇ ಕರಗಿ ಕಿಟ್ಟವಾಗುತ್ತದೆ.

ಇಷ್ಟೆಲ್ಲ ಹೇಳಿದ ದಿಬ್ಬಗಳನ್ನೇ ನಾವು ಗೊಬ್ಬರವೆಂದು ಕೆದರಿ ಹೊಲಕ್ಕೆ ಹೊತ್ತಿದ್ದೇವೆ. ನಾಳೆ ಯಾರೋ ಹೊಸ ತಕರಾರು ತಂದರೆ ಮತ್ತೆ ಅಗೆದು ನೋಡಲು ಪದರ ಎಲ್ಲಿದೆ? ಮುಚ್ಚಿಹಾಕಿದ್ದರ ಬಗ್ಗೆ ಸಿಟ್ಟು ಬಂದಿದ್ದರೆ, ದಯವಿಟ್ಟು ಇದರ ಮೇಲೂ ಒಂದು ಪತ್ರ ಬರೆಯಿರಿ. ಅಚ್ಚು ಹಾಕುತ್ತೇವೆ.