ಇಡ್ಲಿ ಹೋಟೆಲಲ್ಲಿ ಸಭೆ ಸೇರಬಹುದೇ?

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಷ್ಟೇ ಪರಿಚಯವಿರುವ ನಾವು 25 ಮಂದಿ ತಾರಸಿ ತೋಟದವರು ಒಂದು ಭಾನುವಾರ ತುಮಕೂರಿನಲ್ಲಿ ಸೇರಬೇಕೆಂದಿದ್ದೇವೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್ ಆದೀತೇ?

ಉತ್ತರ: ತಿಂಡಿಗೆ ಖಂಡಿತ ಹೋಗಿ, ಸಭೆಗೆ ಬೇಡ. ಕೊನೇ ತುತ್ತು ಬಾಯಲ್ಲಿರುವಾಗಲೇ ಬೆನ್ನ ಹಿಂದೆ ಇನ್ನೊಬ್ಬರು ಜಾಗಕ್ಕೆ ಕಾಯುತ್ತಿರುತ್ತಾರೆ. ಮಧ್ಯಾಹ್ನದ ಊಟಕ್ಕೆ ಪ್ರತ್ಯೇಕ ಹಾಲ್ ಇರುವ ಹೋಟೆಲ್ ಹಿಡಿಯಿರಿ. ಬೆಂಗಳೂರಿನಿಂದ ರೈಲಲ್ಲಿ ಬರುವವರಿದ್ದರೆ ಸ್ಟೇಷನ್‌ಗೆ ಹತ್ತಿರವಿರಲಿ. ಹಾಲನ್ನು ಹಿಂದಿನ ಭಾನುವಾರ 1 ಗಂಟೆಗೇ ಹೋಗಿ ನೋಡಿ. ಮಂಗಳವಾರ ತಣ್ಣಗಿದ್ದ ಜಾಗದ ಪಕ್ಕದಲ್ಲೇ ಭಾನುವಾರ ನಾಮಕರಣದ ಮೈಕ್ ಕಿರುಚುತ್ತಿರಬಹುದು.

ಹೂಂ ಅಂದವರೆಲ್ಲ ಬರುವುದಿಲ್ಲ. ಕನಿಷ್ಠ 18 ಊಟಕ್ಕೆ ಮಾತು ಕೊಟ್ಟು, ಹೆಚ್ಚಾದರೆ ಅದೇ ದರವೆಂದು ಬರೆಸಿಕೊಳ್ಳಿ. ತಲಾ ದರದಲ್ಲಿ ಶೇ 5 ಜಿಎಸ್‌ಟಿ ಸೇರಿದೆಯೇ ಕೇಳಿ. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗೇ ಸೇರಿಸುವಂತಿಲ್ಲ. 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಮಾರ್ಗಸೂಚಿ ಹೊರಡಿಸಿದೆ. ದುಡ್ಡು ಮೊದಲೇ ಯುಪಿಐಯಲ್ಲಿ ವಸೂಲಾಗಲಿ, ಇಲ್ಲವಾದರೆ ಬಿಲ್ ನಿಮ್ಮ ತಲೆಗೇ.

ಒಂದೇ ಉದ್ದ ಟೇಬಲ್ ಹಾಕಿಸಬೇಡಿ, ತುದಿಯವರು ತುದಿಯವರೊಂದಿಗೇ ಮಾತಾಡಿ ಎದ್ದು ಹೋಗುತ್ತಾರೆ. ಆರಾರು ಜನರ ಟೇಬಲ್ ಹಾಕಿಸಿ, ಪಾಯಸದ ಹೊತ್ತಿಗೆ ಜಾಗ ಬದಲಿಸಿ.